ಕ್ಲಚ್ಚಿಗೂ ಕೈಗೂ ರಾಜಿ ಮಾಡಿಸಿದ್ದು

ಕೆಲಸ ಹುಡುಕುವವರಿಗೆಲ್ಲ ಬಾಯಿಪಾಠವಾಗಿರುವ ಸಾಲೊಂದಿದೆ: ‘ಸ್ವಂತ ದ್ವಿಚಕ್ರ ವಾಹನ ಹಾಗೂ ಚಾಲನಾ ಪರವಾನಗಿ ಕಡ್ಡಾಯ.’ ಪದವಿ ಯಾವುದಾದರೂ ಆದೀತು, ಅನುಭವ ಇಲ್ಲದಿದ್ದರೂ ನಡೆದೀತು, ಬೈಕ್ ಮಾತ್ರ ಬೇಕೇ ಬೇಕು. ನಮ್ಮ ಬೆಳ್ತಂಗಡಿಯಂಥ ತಾಲೂಕಿನಲ್ಲಿ ಹಾಗೆ ಕೇಳುವುದು ತಪ್ಪೂ ಅಲ್ಲ ಬಿಡಿ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕಾದರೆ ನಡುವೆ ಒಂದು ತೋಟ, ಒಂದು ತೋಡು, ಒಂದು ಏರು. ಬಸ್ಸು ಮುಖ್ಯರಸ್ತೆಯಲ್ಲಿ ಇಳಿಸಿ ಹೋದ ಮೇಲಿನ ಎರಡು ಕಿಲೋಮೀಟರ್ ನಿಮ್ಮ ಕಾಲಿಗೆ ಬಿಟ್ಟದ್ದು.

ನನ್ನ ಬಳಿ ಬೈಕ್ ಇತ್ತು, ಪರವಾನಗಿಯೂ ಇತ್ತು. ಎಡಗೈಯಲ್ಲಿ ಕ್ಲಚ್ ಹಿಡಿಯುವಷ್ಟು ಬಲ ಇರಲಿಲ್ಲ.

ಅಂತಿಮ ಬಿಕಾಂನಲ್ಲಿದ್ದಾಗ ಕಬಡ್ಡಿ ಪಂದ್ಯವೊಂದರಲ್ಲಿ ರೈಡಿಗೆ ಹೋಗಿದ್ದೆ. ಗೆರೆ ಮುಟ್ಟಲು ಕೈ ಚಾಚಿದ್ದಾಗ ಮೂವರು ಮೇಲೆ ಬಿದ್ದರು. ಪಾಯಿಂಟ್ ಸಿಕ್ಕಿತು, ಎಡಗೈಯ ಮಣಿಕಟ್ಟು ಮುರಿಯಿತು. ಒಳಗೆ ಪ್ಲೇಟು, ಸ್ಕ್ರೂ ಕೂತವು. ಆರು ತಿಂಗಳಲ್ಲಿ ಮೂಳೆ ಕೂಡಿತು, ಡಾಕ್ಟರು ‘ಇನ್ನು ಬೈಕ್ ಬಿಡಬಹುದು’ ಎಂದರು. ಆದರೆ ಮೂಳೆ ಕೂಡಿದ ಮಾತ್ರಕ್ಕೆ ಮುಷ್ಟಿ ಕೂಡುವುದಿಲ್ಲ. ಫಿಸಿಯೋಥೆರಪಿ ಮೇಡಂ ಒಂದು ಹಿಡಿತ ಅಳೆಯುವ ಮೀಟರನ್ನು ಕೈಗೆ ಕೊಟ್ಟು ಹಿಂಡಲು ಹೇಳಿದರು. ಬಲಗೈ 30 ಕೆಜಿ ತೋರಿಸಿತು. ಎಡಗೈ 14.

ಇದೇ ಹೊತ್ತಿಗೆ ಒಂದು ಸಹಕಾರಿ ಸಂಘದಲ್ಲಿ ಪಿಗ್ಮಿ ಸಂಗ್ರಹದ ಕೆಲಸ ಖಾಲಿ ಇದೆ ಎಂದು ಗೊತ್ತಾಯಿತು. ಪಿಗ್ಮಿ ನಮ್ಮ ಕರಾವಳಿಯದೇ ಕೂಸು. 1928ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈಗಳ ಬ್ಯಾಂಕು ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸಲು ಶುರು ಮಾಡಿದ್ದು ಇವತ್ತಿಗೂ ಊರೂರಿನಲ್ಲಿ ನಡೆಯುತ್ತಿದೆ. ಈಗ ಎರಡಾಣೆಯ ಜಾಗದಲ್ಲಿ ಐವತ್ತು, ನೂರು. ಪುಸ್ತಕದ ಜಾಗದಲ್ಲಿ ಮೆಷಿನ್. ಬದಲಾಗದೆ ಉಳಿದಿರುವುದು ಮನೆ ಬಾಗಿಲಿಗೆ ಹೋಗುವುದು ಮಾತ್ರ. ಮ್ಯಾನೇಜರರು ನನ್ನ ಕೈ ನೋಡಿ ಏನೂ ಅನ್ನಲಿಲ್ಲ. ‘ಒಂದು ತಿಂಗಳು ಮಾಡಿ ನೋಡುವ. ನಿಮಗೆ ಆಗ್ತದಾ ಅಂತ ನಿಮಗೇ ಗೊತ್ತಾಗ್ತದೆ’ ಎಂದರು. ಕಮಿಷನ್ ಮೇಲಿನ ಕೆಲಸ, ಆದರೂ ಮನೆಯಲ್ಲಿ ಅಮ್ಮ ಬೀಡಿ ಕಟ್ಟಿ ತರುವ ದುಡ್ಡಿನ ಜೊತೆಗೆ ಅದೂ ಬಂದರೆ ಸಾಲದ ಕಂತು ತಪ್ಪುವುದಿಲ್ಲ ಎಂಬ ಲೆಕ್ಕ ನನ್ನದು.

ಇಲ್ಲಿಗೆ ಬಂದಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಸ್ಕೂಟರ್ ತೆಗೊಳ್ಳಬಾರದಾ ಮಾರಾಯ್ತಿ? ತೆಗೊಳ್ಳಬಹುದು. ಸ್ಕೂಟರಿನಲ್ಲಿ ಕ್ಲಚ್ಚೇ ಇಲ್ಲ, ಎಡಗೈಗೆ ಬ್ರೇಕ್ ಮಾತ್ರ. ಕೈಯಲ್ಲಿ ದುಡ್ಡು ಇದ್ದವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಸಿಗುತ್ತದೋ ಇಲ್ಲವೋ ಎಂದು ಗೊತ್ತಿಲ್ಲದ ಕೆಲಸಕ್ಕೆ ಲಕ್ಷ ರೂಪಾಯಿಯ ಹತ್ತಿರದ ಸಾಲ ಯಾರು ಮಾಡುತ್ತಾರೆ? ಅಣ್ಣ ಕತಾರಿಗೆ ಹೋಗುವಾಗ ಬಿಟ್ಟುಹೋದ 150 ಸಿಸಿ ಬೈಕ್ ಅಂಗಳದಲ್ಲಿ ಟಾರ್ಪಲ್ ಹೊದ್ದು ನಿಂತಿತ್ತು. ನಮ್ಮ ಮನೆಯ ಮಣ್ಣಿನ ಏರಿನಲ್ಲಿ ಮಳೆಗಾಲಕ್ಕೆ ದೊಡ್ಡ ಚಕ್ರದ ಬೈಕೇ ವಾಸಿ ಎಂಬುದು ಇನ್ನೊಂದು ಕಾರಣ.

ಬೈಕನ್ನು ಹೊರಗೆಳೆದು ಕ್ಲಚ್ ಹಿಂಡಿದೆ. ಬಂತು. ಎರಡನೇ ಸಲವೂ ಬಂತು. ಗುರುವಾಯನಕೆರೆಗೆ ಹೋಗಿ ಬರುವಷ್ಟರಲ್ಲಿ ಕಿರುಬೆರಳು ಮತ್ತು ಉಂಗುರದ ಬೆರಳು ನನ್ನವೇ ಅಲ್ಲ ಎನಿಸತೊಡಗಿತು. ಇನ್ನೂ ಹೆದರಿಕೆಯ ಸಂಗತಿ ಎಂದರೆ, ಹಿಂಡಿದ ಕೈ ತಾನಾಗಿ ಬಿಟ್ಟುಕೊಳ್ಳುವುದು. ಗೇರಿನಲ್ಲಿ ನಿಂತಿರುವಾಗ ಕೈ ಸೋತು ಕ್ಲಚ್ ಬಿಟ್ಟರೆ ಬೈಕ್ ಮುಂದಕ್ಕೆ ಹಾರುತ್ತದೆ. ಎದುರಿಗೆ ಬಸ್ಸು ಇದ್ದರೆ ಬಸ್ಸಿಗೆ, ಶಾಲೆಯ ಮಕ್ಕಳು ಇದ್ದರೆ ಮಕ್ಕಳ ಮೇಲೆ.

ಹಾಗಾಗಿ ಮೊದಲು ಲೆಕ್ಕ ಹಾಕಿದೆ. ಬಿಕಾಂ ಓದಿದ್ದಕ್ಕೆ ಅಷ್ಟಾದರೂ ಬೇಡವೇ? ನನ್ನ ಪಾಲಿಗೆ ಬರುವ ಅಂಗಡಿ, ಮನೆ ಸೇರಿ ದಿನಕ್ಕೆ 55. ಪ್ರತಿ ಸಲ ನಿಲ್ಲಿಸಿ ಹೊರಡುವಾಗ ಗೇರು ಏರಿಸಿ ಇಳಿಸಿ ಕಡಿಮೆಯೆಂದರೂ ಎಂಟು ಸಲ ಕ್ಲಚ್ ಹಿಂಡಬೇಕು. ಅಂದರೆ ದಿನಕ್ಕೆ 440 ಸಲ. ಒಂದು ಹಿಂಡಿಕೆಗೆ ಎಷ್ಟು ಬಲ ಬೇಕು ಎಂದು ತಿಳಿಯಲು ಅಪ್ಪ ಕಾಳುಮೆಣಸು ತೂಗುವ ಸ್ಪ್ರಿಂಗ್ ತಕ್ಕಡಿ ತಂದೆ. ಅದರ ಕೊಕ್ಕೆಯನ್ನು ಲಿವರಿನ ಮೇಲೆ ನಡುಬೆರಳು ಕೂರುವ ಜಾಗಕ್ಕೆ ಸಿಕ್ಕಿಸಿ ಹ್ಯಾಂಡಲಿನ ಕಡೆಗೆ ಎಳೆದೆ. ಮುಳ್ಳು 9 ಕೆಜಿ ತೋರಿಸಿತು. 14 ಕೆಜಿ ಹಿಂಡುವ ಕೈಯಿಂದ 9 ಕೆಜಿ. ಮೀಟರಿನ ಕಿಲೋ ಬೇರೆ, ಲಿವರಿನ ಕಿಲೋ ಬೇರೆ, ನಿಜ. ಆದರೂ ಅಂದಾಜಿಗೆ ಸಾಕು. ಇರುವ ಬಲದ ಅರ್ಧಕ್ಕಿಂತ ಹೆಚ್ಚನ್ನು ಪ್ರತಿ ಸಲವೂ ಖರ್ಚು ಮಾಡುವ ಸ್ನಾಯು ಬೇಗ ದಣಿಯದೆ ಇನ್ನೇನು ಮಾಡೀತು?

ಕ್ಲಚ್ ಅಂದರೆ ಏನು ಎಂದು ನನಗೆ ಬಿಡಿಸಿ ಹೇಳಿದ್ದು ಉಜಿರೆ ಕಡೆಯ ಒಬ್ಬ ಗ್ಯಾರೇಜಿನ ಅಣ್ಣ. ಅವರು ರುಡ್‌ಸೆಟ್‌ನಲ್ಲಿ ದ್ವಿಚಕ್ರ ವಾಹನ ರಿಪೇರಿ ಕಲಿತವರು. ಗೊತ್ತಿಲ್ಲದವರಿಗೆ ಒಂದು ಮಾತು: 1982ರಲ್ಲಿ ಧರ್ಮಸ್ಥಳದ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ಆರಂಭಿಸಿದ ಸಂಸ್ಥೆ ಅದು. ಊಟ, ವಸತಿ ಸಹಿತ ಉಚಿತವಾಗಿ ಕೆಲಸ ಕಲಿಸುತ್ತದೆ. ದೇಶದ ಬೇರೆ ಬೇರೆ ಜಿಲ್ಲೆಗಳಲ್ಲಿ ಇವತ್ತು ಇರುವ ಆರ್‌ಸೆಟಿಗಳಿಗೆ ಮಾದರಿ ನಮ್ಮ ಉಜಿರೆಯದು. ಪದವಿ ಮುಗಿಸಿ ಮನೆಯಲ್ಲಿ ಕೂತವರು ಒಮ್ಮೆ ಹೋಗಿ ವಿಚಾರಿಸಿದರೆ ನಷ್ಟವಿಲ್ಲ.

ಅಣ್ಣ ಹೇಳಿದ್ದು ಹೀಗೆ: ‘ನೀರುದೋಸೆ ಒಂದರ ಮೇಲೊಂದು ಅಟ್ಟಿ ಇಟ್ಟು ಮೇಲಿಂದ ಅಂಗೈ ಒತ್ತಿ ಹಿಡಿದರೆ ಎಲ್ಲವೂ ಒಟ್ಟಿಗೇ ತಿರುಗ್ತದಲ್ಲ? ಕ್ಲಚ್ ಪ್ಲೇಟ್ ಅಂದ್ರೆ ಅದೇ. ಒತ್ತಿ ಹಿಡಿಯುದು ಸ್ಪ್ರಿಂಗ್. ನೀನು ಲಿವರ್ ಹಿಂಡುದು ಅಂದ್ರೆ ಆ ಅಂಗೈಯನ್ನು ಒಂಚೂರು ಎತ್ತುದು.’ ಎತ್ತಿದಾಗ ಪ್ಲೇಟುಗಳು ಸಡಿಲವಾಗುತ್ತವೆ, ಎಂಜಿನ್ ತಿರುಗುತ್ತಿದ್ದರೂ ಚಕ್ರಕ್ಕೆ ಶಕ್ತಿ ಹೋಗುವುದಿಲ್ಲ. ಎತ್ತಬೇಕಾದದ್ದು ಒಂದೆರಡು ಮಿಲಿಮೀಟರ್ ಅಷ್ಟೇ. ಆದರೆ ಸ್ಪ್ರಿಂಗುಗಳ ಬಲ ನಮ್ಮ ಬೆರಳಿನ ಬಲಕ್ಕಿಂತ ಬಹಳ ದೊಡ್ಡದು. ಅದಕ್ಕೇ ನಡುವೆ ಸನ್ನೆಗಳು: ಕೈಯ ಬಳಿ ಲಿವರ್, ಎಂಜಿನ್ ಬಳಿ ಇನ್ನೊಂದು ಪುಟ್ಟ ಆರ್ಮ್, ಎರಡನ್ನೂ ಜೋಡಿಸುವ ಕೇಬಲ್.

ಮುರಕಲ್ಲನ್ನು ಹಾರೆಯಿಂದ ಮೀಟಿ ಎಬ್ಬಿಸುವುದನ್ನು ನೋಡಿದವರಿಗೆ ಸನ್ನೆಯ ಪಾಠ ಬೇಡ. ಹಾರೆಯ ತುದಿ ಹಿಡಿದರೆ ಹಗುರ, ನಡುವೆ ಹಿಡಿದರೆ ಭಾರ. ಆನಿಕೆಯ ಕಲ್ಲು ಎಬ್ಬಿಸಬೇಕಾದ ಕಲ್ಲಿಗೆ ಹತ್ತಿರವಿದ್ದಷ್ಟೂ ಹಗುರ. ಆದರೆ ಹಗುರವಾದಷ್ಟೂ ಕಲ್ಲು ಏಳುವುದು ಕಡಿಮೆ. ಕ್ಲಚ್ ಲಿವರಿನಲ್ಲೂ ಅದೇ. ಲಿವರ್ ತಿರುಗುವ ಬೋಲ್ಟಿನಿಂದ ಕೇಬಲ್ಲಿನ ಗುಂಡಿನವರೆಗಿನ ದೂರ ಒಂದು, ಬೋಲ್ಟಿನಿಂದ ಬೆರಳಿನವರೆಗಿನ ದೂರ ಇನ್ನೊಂದು. ನನ್ನ ಬೈಕಿನಲ್ಲಿ ಮೊದಲನೆಯದು 30 ಮಿ.ಮೀ., ಎರಡನೆಯದು 100. ಮೊದಲನೆಯದನ್ನು ಕಡಿಮೆ ಮಾಡಿದರೂ ಕೈಗೆ ಹಗುರ, ಎರಡನೆಯದನ್ನು ಹೆಚ್ಚು ಮಾಡಿದರೂ ಹಗುರ. ಈ ಎರಡು ಅಳತೆ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸಾಗಿ ಅರ್ಥವಾಗುತ್ತದೆ.

ಮೊದಲ ದಿನ ಅಣ್ಣ ಸನ್ನೆಯ ತಂಟೆಗೇ ಹೋಗಲಿಲ್ಲ. ಕೇಬಲ್ ಕಳಚಿ ನೇತುಹಾಕಿ, ಒಳಗಿನ ತಂತಿಯನ್ನು ಎರಡು ಬೆರಳಲ್ಲಿ ಎಳೆಯಲು ಹೇಳಿದರು. ಕಬ್ಬಿನ ಸಿಪ್ಪೆ ಎಳೆದ ಹಾಗೆ ಕರಕರ ಎನ್ನುತ್ತಿತ್ತು. ನಾಲ್ಕು ಮಳೆಗಾಲ ಕಂಡ ಕೇಬಲ್, ಒಳಗೆ ತುಕ್ಕು. ಹೆಡ್‌ಲೈಟಿನ ಹಿಂದೆ ಯಾರೋ ಅದನ್ನು ಬಿಗಿಯಾಗಿ ಟ್ಯಾಗ್ ಕಟ್ಟಿದ್ದರಿಂದ ಅಲ್ಲೊಂದು ತೀಕ್ಷ್ಣ ತಿರುವು ಬೇರೆ. ಚಾರ್ಮಾಡಿಯ ತಿರುವಿನಲ್ಲಿ ಲಾರಿ ತಿಣುಕುವ ಹಾಗೆ ತಂತಿ ಅಲ್ಲಿ ತಿಣುಕುತ್ತಿತ್ತು. ಹೊಸ ಕೇಬಲ್ ಹಾಕಿ, ದೊಡ್ಡ ಬಾಗಿನಲ್ಲಿ ಸಲೀಸಾಗಿ ಒಯ್ದು, ಲಿವರಿನ ಬೋಲ್ಟ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ತೆಳ್ಳಗೆ ಗ್ರೀಸ್ ಹಚ್ಚಿದರು. ತಕ್ಕಡಿ ಹಾಕಿದೆ: ಆರೂವರೆ ಕೆಜಿ. 9ರಿಂದ ಆರೂವರೆಗೆ, 260 ರೂಪಾಯಿ ಖರ್ಚಿನಲ್ಲಿ. ಅಂದರೆ ಅಷ್ಟು ದಿನ ನಾನು ಹಿಂಡುತ್ತಿದ್ದುದರಲ್ಲಿ ಕಾಲು ಪಾಲಿಗಿಂತ ಹೆಚ್ಚು ಬರೀ ತುಕ್ಕನ್ನು! ನಿಮ್ಮ ಬೈಕಿನ ಕ್ಲಚ್ ಗಟ್ಟಿ ಎನಿಸಿದರೆ ಲಿವರ್ ಬದಲಾಯಿಸುವ ಮೊದಲು ದಯವಿಟ್ಟು ಕೇಬಲ್ ನೋಡಿ. ಒಂದು ಸಣ್ಣ ಸೂಚನೆ: ಈಗಿನ ಬಹಳಷ್ಟು ಕೇಬಲ್‌ಗಳ ಒಳಗೆ ನೈಲಾನ್ ಪದರ ಇರುತ್ತದೆ, ಅದಕ್ಕೆ ದಪ್ಪ ಗ್ರೀಸ್ ತುಂಬಿದರೆ ಅಂಟಿಕೊಂಡು ಇನ್ನಷ್ಟು ಬಿಗಿಯಾಗುತ್ತದೆ. ತೆಳು ಎಣ್ಣೆ ಸಾಕು.

ಎರಡನೆಯ ಕೆಲಸಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಇದನ್ನು ಹೇಳಿಕೊಟ್ಟದ್ದು ಗ್ಯಾರೇಜಿನವರಲ್ಲ, ಫಿಸಿಯೋ ಮೇಡಂ. ಮಣಿಕಟ್ಟು ನೇರವಾಗಿ ಅಥವಾ ಸ್ವಲ್ಪ ಮಾತ್ರ ಹಿಂದಕ್ಕೆ ಬಾಗಿರುವಾಗ ಮುಷ್ಟಿಗೆ ಪೂರ್ತಿ ಬಲ. ಅತಿಯಾಗಿ ಹಿಂದಕ್ಕೆ ಅಥವಾ ಒಳಕ್ಕೆ ಬಾಗಿದರೆ ಬೆರಳುಗಳ ಬಲ ಕುಸಿಯುತ್ತದೆ. ಬೇಕಾದರೆ ಈಗಲೇ ನೋಡಿ: ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಮಡಚಿ ಪೆನ್ನು ಗಟ್ಟಿಯಾಗಿ ಹಿಡಿಯಲು ಪ್ರಯತ್ನಿಸಿ. ಆಗುವುದಿಲ್ಲ. ನಮ್ಮ ಬೈಕಿನಲ್ಲಿ ಲಿವರ್ ಮೇಲಕ್ಕೆ ಎದ್ದು ನಿಂತಿತ್ತು. ಅದನ್ನು ಹಿಡಿಯಲು ಮಣಿಕಟ್ಟು ಹಿಂದಕ್ಕೆ ಬಹಳ ಬಾಗಬೇಕು. ಪ್ಲೇಟ್ ಕೂತ ಮಣಿಕಟ್ಟು ಅಷ್ಟು ಬಾಗುವುದೇ ಇಲ್ಲ. ಸೀಟಿನಲ್ಲಿ ಕೂತು ಕೈ ಚಾಚಿ ಬೆರಳು ಬಿಡಿಸಿದರೆ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಬಂದು ಲಿವರಿಗೆ ತಾಗಬೇಕು. ಲಿವರನ್ನು ಹ್ಯಾಂಡಲಿಗೆ ಕಚ್ಚಿಸಿರುವ ಹಿಡಿಕೆಯ ಬೋಲ್ಟ್ ಸಡಿಲಿಸಿ, ಅಷ್ಟು ಕೆಳಕ್ಕೆ ತಿರುಗಿಸಿ, ಮತ್ತೆ ಬಿಗಿ ಮಾಡಿದೆವು.

ಬೋಲ್ಟ್ ಸಡಿಲವಿದ್ದಾಗಲೇ ಅಣ್ಣ ಇನ್ನೊಂದು ಉಪಾಯ ಮಾಡಿದರು. ಇಡೀ ಹಿಡಿಕೆಯನ್ನು ಒಂದು ಸೆಂಟಿಮೀಟರಿನಷ್ಟು ಒಳಕ್ಕೆ, ಸ್ಪೀಡೋಮೀಟರಿನ ಕಡೆಗೆ ಸರಿಸಿದರು. ನನ್ನ ಕೈ ಇದ್ದಲ್ಲೇ ಇದೆ, ಲಿವರ್ ಒಳಕ್ಕೆ ಹೋಗಿದೆ, ಹಾಗಾಗಿ ಬೆರಳು ಈಗ ಲಿವರಿನ ತುದಿಯ ಕಡೆ ಕೂರುತ್ತದೆ. ಹಾರೆಯ ತುದಿ ಹಿಡಿದಂತೆ. 100 ಇದ್ದದ್ದು 110 ಆಯಿತು, ತಕ್ಕಡಿ ಆರಕ್ಕಿಂತ ತುಸು ಕೆಳಗೆ ಬಂತು. ಎಲ್ಲ ಬೈಕಿನಲ್ಲೂ ಇದಕ್ಕೆ ಜಾಗ ಇರುವುದಿಲ್ಲ, ಸ್ವಿಚ್ಚು, ಕನ್ನಡಿ ಅಡ್ಡ ಬರುತ್ತವೆ. ಇದ್ದರೆ ಇದರಷ್ಟು ಅಗ್ಗದ ಮಾರ್ಪಾಡು ಬೇರೆ ಇಲ್ಲ.

ಇನ್ನು ಲಿವರ್. ನನ್ನ ಅಂಗೈ ಚಿಕ್ಕದು. ಹ್ಯಾಂಡಲಿನಿಂದ ಲಿವರ್ ದೂರ ಇದ್ದರೆ ಬೆರಳ ತುದಿಯಿಂದ ಎಳೆಯಬೇಕಾಗುತ್ತದೆ, ಅಲ್ಲಿ ಬಲ ಇಲ್ಲ. ನಡುಗೆಣ್ಣಿನಲ್ಲಿ ಕೊಕ್ಕೆ ಹಾಕಿದಂತೆ ಎಳೆದರೆ ಬಲ ಇದೆ. ‘ಲಿವರನ್ನು ಬಿಸಿ ಮಾಡಿ ಸ್ವಲ್ಪ ಬಗ್ಗಿಸಿದ್ರೆ ಆಗ್ತದೆ’ ಎಂದು ಸಲಹೆ ಕೊಟ್ಟವರಿದ್ದರು. ಅಣ್ಣ ಕೈ ಮುಗಿದರು. ಲಿವರ್ ಎರಕದ ಅಲ್ಯೂಮಿನಿಯಂ, ಬಗ್ಗಿಸಿದ ಜಾಗದಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ, ಮುರಿಯುವುದು ಯಾವಾಗಲೂ ನಡುರಸ್ತೆಯಲ್ಲೇ. ಹಾಗಾದರೆ ಹಳೆಯ ಲಿವರಿನಲ್ಲೇ ಕೇಬಲ್ ಸಿಕ್ಕಿಸುವ ತೂತನ್ನು ಬೋಲ್ಟಿಗೆ ಮೂರು ಮಿಲಿಮೀಟರ್ ಹತ್ತಿರ ಕೊರೆದರೆ? ಅದಕ್ಕೆ ಲೇತ್ ಅಂಗಡಿಯ ಅಜ್ಜನಲ್ಲಿಗೆ ಹೋದೆವು. ಅಜ್ಜ ಕನ್ನಡಕ ಹಣೆಗೇರಿಸಿ ಲಿವರನ್ನು ತಿರುಗಿಸಿ ನೋಡಿದರು. ‘ಮಗಳೇ, ಈ ತೂತೇ ಎಂಟು ಮಿಲಿಮೀಟರ್ ಉಂಟು. ಅದರಿಂದ ಮೂರು ಮಿಲಿಮೀಟರ್ ಈಚೆ ಇನ್ನೊಂದು ತೂತು ತೆಗೆದ್ರೆ ಎರಡೂ ಸೇರಿ ಒಂದು ಗುಂಡಿ ಆಗ್ತದೆ. ನಾನು ಮಾಡಿ ಕೊಡುದಿಲ್ಲ’ ಎಂದು ಹಿಂದಕ್ಕೆ ಕೊಟ್ಟರು. ಬಂದ ಕೆಲಸವನ್ನು ಬೇಡವೆನ್ನುವ ಕೆಲಸಗಾರರ ಮೇಲೆ ನನಗೆ ಅಂದಿನಿಂದ ಗೌರವ ಹೆಚ್ಚು.

ಕೊನೆಗೆ ಹಳೆಯ ಲಿವರನ್ನು ಚೀಲದಲ್ಲಿ ಹಾಕಿಕೊಂಡು ಬಿ.ಸಿ. ರೋಡಿಗೆ ಬಸ್ ಹತ್ತಿದೆ. ಅಜ್ಜನಿಂದ ವರ್ನಿಯರ್ ಕ್ಯಾಲಿಪರ್ ಕಡ ತಂದಿದ್ದೆ. ಪಿಯುಸಿ ಲ್ಯಾಬಿನಲ್ಲಿ ನೋಡಿದ ಗೆಳತಿಯರು ನಕ್ಕಾರು, ಕಾಮರ್ಸ್‌ನವಳ ಕೈಯಲ್ಲಿ ವರ್ನಿಯರ್! ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ದೂರ ಹೊಂದಿಸಬಲ್ಲ ಲಿವರುಗಳನ್ನು ಒಂದೊಂದಾಗಿ ತೆಗೆಸಿ ಅಳೆದೆ. ಬೋಲ್ಟಿನ ತೂತಿನ ಅಳತೆ, ಲಿವರಿನ ದಪ್ಪ, ಕೇಬಲ್ ಗುಂಡಿನ ಜಾಗ ಈ ಮೂರೂ ಹೊಂದಬೇಕು. ಕ್ಲಚ್ ಹಿಂಡಿದರೆ ಮಾತ್ರ ಸ್ಟಾರ್ಟ್ ಆಗುವ ಬೈಕಾದರೆ ಒಳಗೊಂದು ಪುಟ್ಟ ಸ್ವಿಚ್ ಇರುತ್ತದೆ, ಹೊಸ ಲಿವರ್ ಅದನ್ನು ಒತ್ತಬೇಕು. ಬಣ್ಣಬಣ್ಣದ್ದನ್ನೆಲ್ಲ ಬದಿಗಿಟ್ಟು ಕೊನೆಗೆ ಕಪ್ಪು ಬಣ್ಣದ ಒಂದು ಸಿಕ್ಕಿತು: ಬೋಲ್ಟಿನಿಂದ ಗುಂಡಿಗೆ 27 ಮಿ.ಮೀ., ಬೆರಳಿನ ದೂರ ಹೊಂದಿಸಲು ತಿರುಪು. ಬೆಲೆ 650. ಅಂಗಡಿಯವರು ‘ರೇಸಿಂಗಾ?’ ಎಂದು ಕೇಳಿದರು. ಪಿಗ್ಮಿ ಎಂದೆ.

ಹೊಸ ಲಿವರಿನಲ್ಲಿ ತಕ್ಕಡಿ ಐದೂಕಾಲರ ಆಸುಪಾಸಿಗೆ ಇಳಿಯಿತು. ಆಸೆ ಯಾರನ್ನು ಬಿಟ್ಟಿದೆ? ಎಂಜಿನ್ ಬಳಿಯ ಆರ್ಮನ್ನೂ ಸ್ವಲ್ಪ ಉದ್ದ ಮಾಡಿದರೆ ಹೇಗೆ ಎಂದು ಕೇಳಿದೆ. ಅಣ್ಣ ಲೆಕ್ಕ ಹೇಳಿಯೇ ಎಚ್ಚರಿಸಿದರು, ಆದರೂ ನೋಡಿಯೇ ಬಿಡುವ ಎಂದು 40 ಮಿ.ಮೀ. ಆರ್ಮಿಗೆ ಒಂದು ತುಂಡು ಬೋಲ್ಟ್ ಮಾಡಿ 46 ಮಾಡಿದರು. ತಕ್ಕಡಿ ನಾಲ್ಕೂವರೆ ತೋರಿಸಿತು. ಬೈಕ್ ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ಹಿಂಡಿ ಮೊದಲ ಗೇರಿಗೆ ಹಾಕಿದರೆ ‘ಟಕ್’ ಎಂಬ ದೊಡ್ಡ ಸದ್ದು, ಬೈಕ್ ಮೆಲ್ಲಗೆ ತೆವಳಲು ಶುರು. ನ್ಯೂಟ್ರಲ್ ಸಿಗಲೇ ಇಲ್ಲ. ಎರಡೂ ಕಡೆ ಹಗುರ ಮಾಡಿದ್ದರಿಂದ ಪ್ಲೇಟು ಎತ್ತುವ ದೂರ ಐದನೇ ಒಂದು ಭಾಗಕ್ಕಿಂತಲೂ ಹೆಚ್ಚು ಕಡಿಮೆಯಾಗಿ, ಪ್ಲೇಟುಗಳು ಪೂರ್ತಿ ಬಿಡಿಸಿಕೊಳ್ಳುತ್ತಿರಲಿಲ್ಲ. ಕಲ್ಲು ಹಗುರವಾಯಿತು, ಏಳಲಿಲ್ಲ. ಆ ತುಂಡನ್ನು ಐದೇ ನಿಮಿಷದಲ್ಲಿ ತೆಗೆದರು. ಐದೂಕಾಲು ಕೆಜಿಯೇ ನಮ್ಮ ಬೈಕಿನ ಕೊನೆ.

ಇನ್ನೊಂದು ದಾರಿಯನ್ನು ಬೇರೊಂದು ಕಡೆ ಸೂಚಿಸಿದ್ದರು. ಒಳಗಿನ ಕ್ಲಚ್ ಸ್ಪ್ರಿಂಗುಗಳಲ್ಲಿ ಒಂದನ್ನು ತೆಗೆದುಬಿಡುವುದು ಅಥವಾ ಮೆತ್ತನೆಯದು ಹಾಕುವುದು. ಕೈಗೆ ಹಗುರವೇನೋ ಆಗುತ್ತದೆ. ಆದರೆ ನೀರುದೋಸೆಯ ಮೇಲಿನ ಅಂಗೈ ಸಡಿಲವಾದರೆ ದೋಸೆ ಜಾರುತ್ತದೆ. ಸಮತಟ್ಟು ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಇಬ್ಬರು ಕೂತು ಚಾರ್ಮಾಡಿ ಹತ್ತುವಾಗ ಎಂಜಿನ್ ಕಿರುಚುತ್ತದೆ, ಬೈಕ್ ಏರುವುದಿಲ್ಲ, ಪ್ಲೇಟು ಸುಟ್ಟ ವಾಸನೆ ಬರುತ್ತದೆ. ಘಾಟಿಯ ಬುಡದಲ್ಲಿ ವಾಸಿಸುವ ನಮಗೆ ಇದು ಹೇಳಿ ಮಾಡಿಸಿದ್ದಲ್ಲ.

ಈ ಎಡಗೈಯ ತಾಪತ್ರಯ ನಮ್ಮ ಊರಿನದು ಮಾತ್ರವಲ್ಲ ಎಂದು ಆಮೇಲೆ ಓದಿ ತಿಳಿದೆ. 1958ರಲ್ಲಿ ಹೋಂಡಾ ಕಂಪನಿ ಜಪಾನಿನಲ್ಲಿ ಸೂಪರ್ ಕಬ್ ಎಂಬ ಪುಟ್ಟ ಬೈಕ್ ತಂದಾಗ ಅದಕ್ಕೆ ಕ್ಲಚ್ ಲಿವರೇ ಇರಲಿಲ್ಲ. ನೂಡಲ್ಸ್ ತಟ್ಟೆ ಒಂದು ಕೈಯಲ್ಲಿ ಹಿಡಿದು ಮನೆಮನೆಗೆ ಕೊಡುವ ಹುಡುಗರೂ ಓಡಿಸುವಂತಿರಬೇಕು ಎಂಬುದು ಅದರ ಹಿಂದಿದ್ದ ಯೋಚನೆ. ಎಂಜಿನ್ ವೇಗ ಹೆಚ್ಚಿದಾಗ ತಾನೇ ಹಿಡಿದುಕೊಳ್ಳುವ ಕ್ಲಚ್ ಹಾಕಿದರು. 2017ರ ಹೊತ್ತಿಗೆ ಆ ಕಬ್ ಸಾಲಿನ ಬೈಕುಗಳು 10 ಕೋಟಿ ತಯಾರಾಗಿದ್ದವು. ನಮ್ಮ ತೋಟದ ದಾರಿಗಳಲ್ಲಿ ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತು ಓಡುವ ಟಿವಿಎಸ್ ಎಕ್ಸೆಲ್‌ನಲ್ಲೂ ಅಂಥದೇ ತತ್ತ್ವ. 2009ರಲ್ಲಿ ಟಿವಿಎಸ್‌ನವರು ಜೈವ್ ಎಂಬ ಕ್ಲಚ್ ಲಿವರ್ ಇಲ್ಲದ ಗೇರ್ ಬೈಕನ್ನೂ ತಂದಿದ್ದರು, ಜನ ಯಾಕೋ ಕೈಹಿಡಿಯಲಿಲ್ಲ. ಈಗ ಕೆಲವು ಹೊಸ ಬೈಕುಗಳಲ್ಲಿ ಅಸಿಸ್ಟ್ ಕ್ಲಚ್ ಬರುತ್ತದೆ: ಎಂಜಿನ್ ಎಳೆಯುವಾಗ ಓರೆಯಾದ ಹಲ್ಲುಗಳು ಪ್ಲೇಟನ್ನು ತಾವೇ ಒತ್ತಿಕೊಳ್ಳುವುದರಿಂದ ಮೆತ್ತನೆಯ ಸ್ಪ್ರಿಂಗ್ ಸಾಕಾಗುತ್ತದೆ. 2023ರಲ್ಲಿ ಹೋಂಡಾ ತೋರಿಸಿದ ಇ-ಕ್ಲಚ್‌ನಲ್ಲಿ ಮೋಟಾರೇ ಆ ಕೆಲಸ ಮಾಡುತ್ತದೆ. ಅವೆಲ್ಲ ನಮ್ಮ ಅಂಗಳಕ್ಕೆ ಬರಲು ಇನ್ನೂ ಕೆಲವು ಮಳೆಗಾಲ ಬೇಕು.

ಅಷ್ಟು ದೂರ ಯಾಕೆ, ಪಕ್ಕದ ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಏರುವ ಬೈಕ್ ಮಾಡಿದ್ದು ನೆನಪಿದೆಯಲ್ಲ? 2019ರಲ್ಲಿ ಅದರ ವಿಡಿಯೊ ದೇಶವೆಲ್ಲ ಸುತ್ತಿತು. ಮರ ಹತ್ತುವವರು ಸಿಗುತ್ತಿಲ್ಲ, ತನಗೆ ವಯಸ್ಸಾಗುತ್ತಿದೆ ಎಂಬಲ್ಲಿಂದ ಅವರು ಶುರು ಮಾಡಿದ್ದು. ಪುಟ್ಟ ಎಂಜಿನ್, ಕೂರಲು ಸೀಟು, ಕೈಯಲ್ಲಿ ಬ್ರೇಕ್. ಮೈಗೆ ಆಗದ್ದನ್ನು ಯಂತ್ರಕ್ಕೆ ವಹಿಸುವ ಬುದ್ಧಿ ನಮ್ಮ ಕಡೆ ಮೊದಲಿನಿಂದಲೂ ಇದೆ, ಅದಕ್ಕೆ ಎಂಜಿನಿಯರಿಂಗ್ ಸೀಟೇ ಸಿಗಬೇಕೆಂದೇನೂ ಇಲ್ಲ.

ಕಾನೂನಿನ ಬಗ್ಗೆ ಗೆಳತಿಯೊಬ್ಬಳು ಹೆದರಿಸಿದ್ದಳು, ‘ಮಾಡಿಫಿಕೇಶನ್ ಮಾಡಿದ್ರೆ ಪೊಲೀಸ್ ಹಿಡಿತಾರೆ’ ಎಂದು. ಓದಿ ನೋಡಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದು ಎಂದು. ಎಂಜಿನ್, ಚಾಸಿಸ್ ಅದರಲ್ಲಿ ಬರುತ್ತವೆ. ಲಿವರಿನ ಅಳತೆ ಆರ್‌ಸಿಯಲ್ಲಿ ಇರುವುದಿಲ್ಲ. ಆದರೆ ಕೈಯ ತೊಂದರೆ ನನ್ನದಕ್ಕಿಂತ ದೊಡ್ಡದಿದ್ದು, ಕ್ಲಚ್ಚನ್ನು ಬಲಗೈಗೆ ತರುವುದು, ಪಕ್ಕಕ್ಕೆ ಚಕ್ರ ಕೂರಿಸುವುದು ಇಂಥವು ಬೇಕಿದ್ದರೆ ಗ್ಯಾರೇಜಿಗಿಂತ ಮೊದಲು ಆರ್‌ಟಿಒ ಕಚೇರಿಗೆ ಹೋಗಬೇಕು. ಅಂಗವೈಕಲ್ಯ ಇರುವವರ ಬಳಕೆಗೆಂದು ಮಾರ್ಪಡಿಸಿದ ವಾಹನ ಎಂಬ ವ್ಯಾಖ್ಯೆಯೇ 2019ರ ತಿದ್ದುಪಡಿಯಲ್ಲಿ ಕಾಯ್ದೆಗೆ ಸೇರಿದೆ. ಹಕ್ಕಿನಿಂದ ಕೇಳಬಹುದು.

ರಸ್ತೆಗಿಳಿಯುವ ಮೊದಲು ಅಣ್ಣ ಪರೀಕ್ಷೆ ಮಾಡದೆ ಬಿಡಲಿಲ್ಲ. ಲಿವರಿನ ತುದಿಯಲ್ಲಿ ಒಂದೆರಡು ಸೆಂಟಿಮೀಟರಿನೊಳಗೆ ಸಡಿಲು ಇರಬೇಕು. ಸಡಿಲೇ ಇಲ್ಲದಿದ್ದರೆ ಕ್ಲಚ್ ಸದಾ ಅರ್ಧ ಹಿಂಡಿದಂತೆ ಇದ್ದು ಪ್ಲೇಟು ಸವೆಯುತ್ತದೆ. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿದಾಗ ಕೇಬಲ್ ಬಿಗಿಯಾಗಬಾರದು. ಸಮತಟ್ಟಿನಲ್ಲಿ ಕ್ಲಚ್ ಹಿಂಡಿ ಮೊದಲ ಗೇರಿಗೆ ಹಾಕಿದರೆ ಬೈಕ್ ತೆವಳಬಾರದು. ಕೊನೆಯದು ಏರಿನಲ್ಲಿ: ಅರ್ಧ ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಬೇಕು. ನಮ್ಮ ಮನೆಯ ಏರಿನಲ್ಲೇ ಹತ್ತು ಸಲ ಮಾಡಿಸಿದರು. ಅಮ್ಮ ಬೀಡಿಯ ತಟ್ಟೆ ಮಡಿಲಲ್ಲಿಟ್ಟುಕೊಂಡು ಜಗಲಿಯಿಂದ ನೋಡುತ್ತ, ಪ್ರತಿ ಸಲವೂ ‘ಸಾಕು, ಇನ್ನು ಬೇಡ’ ಎನ್ನುತ್ತಿದ್ದರು.

ಕೆಲಸದ ಮೊದಲ ವಾರ ಸುಲಭವಾಗಿತ್ತು ಎಂದರೆ ಸುಳ್ಳಾದೀತು. ಮಧ್ಯಾಹ್ನದ ಹೊತ್ತಿಗೆ ಕೈ ಸೋಲುತ್ತಿತ್ತು. ಹಿಂಡುವ ಲೆಕ್ಕವನ್ನೇ ಕಡಿಮೆ ಮಾಡುವುದನ್ನು ಕಲಿತೆ. ಅಂಗಡಿಯ ಮುಂದೆ ನಿಂತ ಮೇಲೆ ನ್ಯೂಟ್ರಲ್ ಹುಡುಕುವ ಬದಲು ಬೈಕ್ ಉರುಳುತ್ತಿರುವಾಗಲೇ ನ್ಯೂಟ್ರಲ್‌ಗೆ ತರುವುದು. ಒಂದೇ ಸಾಲಿನ ಐದಾರು ಅಂಗಡಿಗಳಿಗೆ ಬೈಕ್ ಒಂದೇ ಕಡೆ ನಿಲ್ಲಿಸಿ ನಡೆಯುವುದು. ಹೆದ್ದಾರಿ ಅಗಲ ಮಾಡುವ ಕೆಲಸದಿಂದ ಸಾಲು ನಿಂತಲ್ಲಿ ಕ್ಲಚ್ ಹಿಡಿದು ಇಂಚಿಂಚು ಮುಂದೆ ಹೋಗದೆ, ಮುಂದೆ ಹತ್ತು ಮಾರು ಖಾಲಿಯಾಗುವ ತನಕ ಸುಮ್ಮನೆ ನಿಲ್ಲುವುದು. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. 440 ಇದ್ದದ್ದು 300ರ ಒಳಗೆ ಬಂತು. ರಾತ್ರಿ ಮೆತ್ತನೆಯ ಚೆಂಡು ಹಿಂಡುವ ವ್ಯಾಯಾಮ ಬಿಡಲಿಲ್ಲ. ಎರಡು ತಿಂಗಳ ನಂತರ ಮೇಡಂ ಮತ್ತೆ ಮೀಟರ್ ಕೊಟ್ಟಾಗ ಎಡಗೈ 19 ತೋರಿಸಿತು. ಯಂತ್ರ ತನ್ನ ಕಡೆಯಿಂದ ಇಳಿದು ಬಂದಿತ್ತು, ಕೈ ತನ್ನ ಕಡೆಯಿಂದ ಹತ್ತಿ ಹೋಗಿತ್ತು. ಬಲಗೈಯ ಸಮಕ್ಕೆ ಬರುವುದು ಕಷ್ಟ ಎಂದು ಮೇಡಂ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ತಿಂಗಳು ಮುಗಿದಾಗ ಮ್ಯಾನೇಜರರು ಏನೂ ಕೇಳದೆ ಎರಡನೇ ತಿಂಗಳ ರಸೀದಿ ರೋಲು ಕೊಟ್ಟರು.

ಇತ್ತೀಚೆಗೆ ನೆರೆಮನೆಯ ಮಾವ ತಕ್ಕಡಿ ಕೇಳಿಕೊಂಡು ಬಂದಿದ್ದರು. ನಲ್ವತ್ತು ವರ್ಷ ಅಡಿಕೆ ಸುಲಿದ ಕೈ ಅವರದು, ರಾತ್ರಿ ಬೆರಳು ಜುಮ್ಮೆನ್ನುತ್ತದಂತೆ. ಅವರ ಬೈಕಿನ ಲಿವರ್ ಎಳೆದು ನೋಡಿದರೆ 10 ಕೆಜಿಯ ಹತ್ತಿರ. ಕೇಬಲ್ ಬದಲಾಯಿಸಿ ಲಿವರ್ ಕೆಳಕ್ಕೆ ತಿರುಗಿಸಿದ್ದಕ್ಕೇ ಮಾವ ಖುಷಿ. ಜುಮ್ಮೆನ್ನುವುದನ್ನು ಡಾಕ್ಟರಿಗೆ ತೋರಿಸಿ, ಅದು ನರದ ತೊಂದರೆ ಇರಬಹುದು, ಲಿವರಿನಿಂದ ಹೋಗುವಂಥದ್ದಲ್ಲ ಎಂದು ಹೇಳಿದ್ದೇನೆ. ಅಡಿಕೆ ಸೀಸನ್ ಮುಗಿಯಲಿ ಎನ್ನುತ್ತಾರೆ.

ನನ್ನ ಬೈಕಿನ ಕೇಬಲ್ಲಿಗೆ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಸಿರಿಂಜಿನಲ್ಲಿ ನಾಲ್ಕು ಹನಿ ಎಣ್ಣೆ ಬಿಡುತ್ತೇನೆ. ತಿಂಗಳಿಗೊಮ್ಮೆ ತಕ್ಕಡಿ ಹಾಕಿ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಕಳೆದ ತಿಂಗಳು ಐದೂಮುಕ್ಕಾಲು ಬಂತು, ಅಂದರೆ ಕೇಬಲ್ಲಿಗೆ ವಯಸ್ಸಾಗುತ್ತಿದೆ. ಜೂನ್‌ಗೆ ಮೊದಲು ಹೊಸದು ಹಾಕಿಸಬೇಕು. ಹಳೆಯದನ್ನು ಎಸೆಯಬೇಡ, ತೊಂಡೆ ಚಪ್ಪರಕ್ಕೆ ಕಟ್ಟಲು ಬೇಕು ಎಂದು ಅಮ್ಮ ಈಗಲೇ ಹೇಳಿಟ್ಟಿದ್ದಾರೆ.